ಚಾರ್ಟಿನ ನಾಲ್ಕು ಖಾಲಿ ಮನೆಗಳು

ಆ ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ನಾನು ಡ್ಯೂಟಿ ತೆಗೆದುಕೊಂಡಾಗ ಹೆಂಗಸರ ವಾರ್ಡಿನಲ್ಲಿ ಮೂವತ್ತೊಂದು ಜನ ರೋಗಿಗಳಿದ್ದರು. ನರ್ಸುಗಳು ನಾವು ಮೂವರು. ಆ ಪಾಳಿಗೆ ಐವರು ಇರಬೇಕಿತ್ತು. ಒಬ್ಬಳು ಹೆರಿಗೆ ರಜೆಯಲ್ಲಿದ್ದಳು, ಇನ್ನೊಬ್ಬಳು ಗಲ್ಫಿಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಮೂವರಲ್ಲೇ ಹೇಗೋ ನಡೆಸುವುದು ನಮಗೆ ಅಭ್ಯಾಸವಾಗಿಬಿಟ್ಟಿತ್ತು. ಆ ಅಭ್ಯಾಸದ ಬಗ್ಗೆ ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಇತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಬೆಳಗಿನ ಪಾಳಿಯವರಿಂದ ವಾರ್ಡನ್ನು ವಹಿಸಿಕೊಳ್ಳುವಾಗ ಮಂಚದಿಂದ ಮಂಚಕ್ಕೆ ಹೋಗುತ್ತೇವೆ. ಯಾರಿಗೆ ಯಾವ ಡ್ರಿಪ್ ಓಡುತ್ತಿದೆ, ಯಾರ ಡ್ರೆಸ್ಸಿಂಗ್ ಬಾಕಿ, ಯಾರಿಗೆ ರಕ್ತ ಕೊಡಬೇಕು, ಎಲ್ಲವನ್ನೂ ರೋಗಿಯ ಎದುರಿಗೇ ನಿಂತು ಕೇಳಿಕೊಳ್ಳಬೇಕು. ಹದಿನೇಳನೇ ಮಂಚದಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸಿದ್ದರು. ನಾನು ದಿನವೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುವ ದಾರಿಯಲ್ಲಿ ಸಿಗುವ ಮಾಚೇನಹಳ್ಳಿಯ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡುವವರಿಗೆ ಮಧ್ಯಾಹ್ನದ ಊಟ ಹಾಕುವ ಒಂದು ಸಣ್ಣ ಮೆಸ್ಸು ಅವರದು. ಪಿತ್ತಕೋಶದಲ್ಲಿ ಕಲ್ಲಾಗಿ, ಅಂದು ಬೆಳಿಗ್ಗೆ ಹೊಟ್ಟೆಗೆ ಸಣ್ಣ ತೂತು ಮಾಡಿ ಅದನ್ನು ತೆಗೆದಿದ್ದರು. ಹಣೆಯ ವಿಭೂತಿಯನ್ನು ಆಪರೇಷನ್ನಿಗೆ ಮುಂಚೆ ಒರೆಸಿದ್ದರೂ ಮೂರು ಗೆರೆಗಳ ಮಾಸಲು ಗುರುತು ಹಾಗೇ ಉಳಿದಿತ್ತು. ಪಕ್ಕದ ಸ್ಟೂಲಿನ ಮೇಲೆ ಮಗಳು ಕೂತಿದ್ದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ.

“ಹೇಗಿದ್ದೀರಮ್ಮ?” ಎಂದೆ.

“ಚೆನ್ನಾಗಿದ್ದೀನಿ ಸಿಸ್ಟರ್. ನಾಡಿದ್ದು ಬುಧವಾರ ಮನೆಗೆ ಬಿಡ್ತಾರಾ? ಗುರುವಾರ ಅಡುಗೆಗೆ ಒಪ್ಕೊಂಡುಬಿಟ್ಟಿದ್ದೀನಿ.”

“ಗುರುವಾರ ಅಡುಗೆ ಮಾಡಿದ್ರೆ ಶುಕ್ರವಾರ ಇಲ್ಲಿಗೇ ವಾಪಸ್ ಬರ್ತೀರ, ಅಷ್ಟೇ” ಎಂದೆ. ತಾಯಿ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡರು.

ಸರ್ಜನ್ ಬರೆದಿದ್ದ ಸೂಚನೆ ಸ್ಪಷ್ಟವಾಗಿತ್ತು: ಮೊದಲ ನಾಲ್ಕು ಗಂಟೆ, ಅರ್ಧ ಗಂಟೆಗೊಮ್ಮೆ ನಾಡಿ ಮತ್ತು ಬಿಪಿ. ಒಂದೂವರೆಗೆ ನಾಡಿ ಎಂಬತ್ತನಾಲ್ಕು, ಎರಡಕ್ಕೆ ಎಂಬತ್ತಾರು ಎಂದು ಬೆಳಗಿನವರು ಚಾರ್ಟಿನಲ್ಲಿ ತುಂಬಿದ್ದರು.

ಎರಡೂಕಾಲಿಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಫೋನ್ ಮಾಡಿದರು. ಆಸ್ಪತ್ರೆಯ ಎಲ್ಲ ನರ್ಸುಗಳ ಡ್ಯೂಟಿ ಹಾಕುವವರು ಅವರು.

“ಐಸಿಯುಗೆ ಇನ್ನೊಂದು ವೆಂಟಿಲೇಟರ್ ಕೇಸ್ ಬಂದಿದೆ. ನಿಮ್ಮಲ್ಲಿಂದ ಒಬ್ರನ್ನ ಕಳಿಸು.”

“ಮೇಡಂ, ನಾವೇ ಇರೋದು ಮೂರು ಜನ.”

“ಗೊತ್ತು ಮಾರಾಯ್ತಿ. ಅಲ್ಲಿ ಒಬ್ಬಳೇ ನಾಲ್ಕು ವೆಂಟಿಲೇಟರ್ ನೋಡ್ತಾ ಇದ್ದಾಳೆ. ನಾನಾದ್ರೂ ಎಲ್ಲಿಂದ ತರ್ಲಿ ಹೇಳು?”

ವೆಂಟಿಲೇಟರ್ ಗೊತ್ತಿದ್ದ ಅನುಭವಿಯನ್ನೇ ಕಳಿಸಬೇಕಾಯಿತು. ಉಳಿದವರು ನಾನು ಮತ್ತು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಒಬ್ಬ ಹುಡುಗಿ. ಕೋಟೆಯ ಹತ್ತಿರ ಒಂದು ರೂಮು ಮಾಡಿಕೊಂಡಿದ್ದ ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳಿಗೆ ಔಷಧಿಯ ಟ್ರಾಲಿ ಒಪ್ಪಿಸಿದೆ. ಮೂವತ್ತೊಂದು ಜನರಿಗೆ ಮಾತ್ರೆ, ಇಂಜೆಕ್ಷನ್ ಕೊಟ್ಟು ಮುಗಿಸಲು ಒಬ್ಬಳಿಗೆ ಏನಿಲ್ಲವೆಂದರೂ ಎರಡು ಗಂಟೆ ಬೇಕು. ಉಳಿದದ್ದೆಲ್ಲ ನನ್ನ ಪಾಲಿಗೆ ಬಂತು.

ಎರಡೂವರೆಗೆ ಹದಿನೇಳನೇ ಮಂಚದವರ ನಾಡಿ ನೋಡಿದೆ. ತೊಂಬತ್ತೆರಡು. ಬಿಪಿ ಸರಿಯಾಗಿತ್ತು. ಮೂರಕ್ಕೆ ಮತ್ತೆ ಹೋದೆ. ನಾಡಿ ನೂರಾನಾಲ್ಕು. ಬಿಪಿ ತುಸು ಇಳಿದಿತ್ತು, ಆದರೆ ಹೆದರುವಂತಿರಲಿಲ್ಲ.

“ಭುಜ ನೋಯ್ತಿದೆ ಸಿಸ್ಟರ್. ಬಾಯಿ ಒಣಗ್ತಿದೆ” ಎಂದರು.

ಈ ಆಪರೇಷನ್ನಿನಲ್ಲಿ ಹೊಟ್ಟೆಗೆ ಗ್ಯಾಸ್ ತುಂಬುತ್ತಾರೆ. ಅದರಿಂದ ಭುಜ ನೋಯುವುದು ಸಾಮಾನ್ಯ. ನೋವಿದ್ದರೆ ನಾಡಿ ಏರುವುದೂ ಸಾಮಾನ್ಯ. ಏನೂ ಕುಡಿಯದೆ ಇದ್ದವರಿಗೆ ಬಾಯಾರುವುದಂತೂ ಸರಿಯೇ ಸರಿ. ಮೂರಕ್ಕೂ ಬೇರೆ ಬೇರೆ ಕಾರಣ ನನ್ನ ಬಳಿ ಸಿದ್ಧವಾಗಿತ್ತು. ಮೂರನ್ನೂ ಒಟ್ಟಿಗೆ ಇಟ್ಟು ಯೋಚಿಸಲು ಒಂದು ನಿಮಿಷ ನಿಲ್ಲಬೇಕಿತ್ತು. ಬರೆದಿಟ್ಟಿದ್ದ ನೋವಿನ ಇಂಜೆಕ್ಷನ್ ಕೊಟ್ಟೆ. ಒದ್ದೆ ಹತ್ತಿಯಿಂದ ತುಟಿ ಒರೆಸಲು ಮಗಳಿಗೆ ತೋರಿಸಿದೆ. “ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡ್ತೀನಿ” ಎಂದು ಹೇಳಿ ಹೊರಟೆ. ಹಾಗೆ ಹೇಳಿದ್ದು ನಿಜವಾಗಿಯೂ ಬರಬೇಕೆಂದೇ.

ಒಂಬತ್ತನೇ ಮಂಚದವರಿಗೆ ರಕ್ತ ಬಂದಿತ್ತು. ರಕ್ತ ಹಾಕಿದ ಮೇಲೆ ಮೊದಲ ಹದಿನೈದು ನಿಮಿಷ ರೋಗಿಯ ಪಕ್ಕ ಬಿಟ್ಟು ಕದಲಬಾರದು. ಚೀಲದ ನಂಬರನ್ನು ಇಬ್ಬರು ನೋಡಿ ಸಹಿ ಹಾಕಬೇಕು ಎಂದು ಟ್ರಾಲಿಯ ಹುಡುಗಿಯನ್ನು ಕರೆಸಿಕೊಂಡೆ. ರಕ್ತ ಹನಿಯತೊಡಗಿ ಐದು ನಿಮಿಷವಾಗಿರಲಿಲ್ಲ, ಕ್ಯಾಶುವಾಲ್ಟಿಯಿಂದ ಉಬ್ಬಸದ ಹೆಂಗಸೊಬ್ಬರನ್ನು ಸ್ಟ್ರೆಚರಿನಲ್ಲಿ ತಂದರು. ತುಟಿ ನೀಲಿಗಟ್ಟಿತ್ತು. ಹುಡುಗಿಯನ್ನು ರಕ್ತದವರ ಪಕ್ಕ ನಿಲ್ಲಿಸಿ ಓಡಿದೆ. ಆಕ್ಸಿಜನ್ ಹಾಕಿ, ನೆಬ್ಯುಲೈಸರ್ ಕೊಟ್ಟು, ಕೈಯಲ್ಲಿ ನರ ಸಿಗದೆ ಮೂರು ಸಲ ಚುಚ್ಚಿ ಕ್ಯಾನುಲಾ ಹಾಕಿದೆ. ವಾರ್ಡಿಗಿದ್ದ ಒಂದೇ ಮಾನಿಟರನ್ನು ಅವರಿಗೆ ಜೋಡಿಸಿದೆ.

ಮೂರೂ ಮುಕ್ಕಾಲರ ಹೊತ್ತಿಗೆ ಹದಿನೇಳರ ಮಗಳು ಬಂದಳು. “ಸಿಸ್ಟರ್, ಅಮ್ಮ ನೀರು ನೀರು ಅಂತಿದ್ದಾರೆ.”

“ಈಗ ಕೊಡೋ ಹಾಗಿಲ್ಲಮ್ಮ. ತುಟಿ ಒರೆಸ್ತಾ ಇರು. ಬಂದೆ” ಎಂದೆ, ತಿರುಗಿ ನೋಡದೆ.

ನಾಲ್ಕು ದಾಟಿದ ಮೇಲೆ ಮತ್ತೆ ಬಂದಳು. “ಅಮ್ಮ ಒಂಥರಾ ಮಾಡ್ತಿದ್ದಾರೆ. ಒಂದು ಕಡೆ ಮಲಗ್ತಾನೇ ಇಲ್ಲ.”

“ಐದು ನಿಮಿಷ ಕಣಮ್ಮ. ಬಂದುಬಿಟ್ಟೆ.”

ಆಗಲೇ ಬಚ್ಚಲಿನ ಕಡೆಯಿಂದ ದೊಪ್ಪನೆ ಸದ್ದಾಯಿತು. ಇಪ್ಪತ್ತೆರಡನೇ ಮಂಚದ ಅಜ್ಜಿ. ಜ್ವರದಲ್ಲಿ ದಿಕ್ಕು ತಿಳಿಯದ ಸ್ಥಿತಿಯಲ್ಲಿದ್ದವರು ಒಬ್ಬರೇ ಎದ್ದು ಹೋಗಿ ಬಾಗಿಲಲ್ಲಿ ಜಾರಿ ಬಿದ್ದಿದ್ದರು. ಕಾಲು ಹೊರಕ್ಕೆ ತಿರುಗಿತ್ತು. ಸೊಂಟದ ಮೂಳೆ ಮುರಿದಿರಬಹುದು ಎಂದು ಅನುಮಾನವಾಯಿತು. ಹಾಗಿರುವಾಗ ಎಳೆದು ಎತ್ತಬಾರದು. ಒದ್ದೆ ನೆಲದ ಮೇಲೆ ಮಂಡಿಯೂರಿ ಕೂತು, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟ್ರೆಚರಿಗೂ ಡಾಕ್ಟರಿಗೂ ಕಾದೆ. ಆಯಾ ಒಬ್ಬಳೇ. ಅವಳು ಎಕ್ಸ್‌ರೇಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿದ್ದಳು. ಅಜ್ಜಿಯನ್ನು ನಾಲ್ಕು ಜನ ಸೇರಿ ಹಲಗೆಯ ಮೇಲೆ ಎತ್ತಿಕೊಂಡು ಹೋಗುವಾಗ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಕೈ ತೊಳೆದು, ಉಬ್ಬಸದವರ ಆಕ್ಸಿಜನ್ ನೋಡಿ, ರಕ್ತದ ಚೀಲ ನೋಡಿ, ಹದಿನೇಳನೇ ಮಂಚಕ್ಕೆ ಬಂದಾಗ ಐದೂ ಹತ್ತು.

ದೂರದಿಂದಲೇ ಗೊತ್ತಾಯಿತು. ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು. ಮೈ ತಣ್ಣಗೆ ಬೆವೆತಿತ್ತು. ಬಿಪಿ ಉಪಕರಣ ಸುತ್ತಿ ಗಾಳಿ ತುಂಬಿ ಬಿಟ್ಟೆ. ಸ್ಟೆತಾಸ್ಕೋಪಿನಲ್ಲಿ ಏನೂ ಕೇಳಲಿಲ್ಲ. ಬೆರಳಲ್ಲಿ ನಾಡಿ ಹಿಡಿದು ನೋಡಿದರೆ ಮೇಲಿನ ಬಿಪಿ ಎಪ್ಪತ್ತಕ್ಕೆ ಸಿಕ್ಕಿತು. ನಾಡಿ ನೂರಾ ನಲವತ್ತು, ದಾರದ ಎಳೆಯ ಹಾಗೆ. ಹೊಟ್ಟೆ ಬಿಗಿದುಕೊಂಡಿತ್ತು. ಒಳಗೆ ರಕ್ತ ಹೋಗುತ್ತಿದೆ ಎಂದು ಹೇಳಲು ಡಾಕ್ಟರು ಬೇಕಾಗಿರಲಿಲ್ಲ.

ಸರ್ಜನ್‌ಗೆ ಫೋನ್ ಮಾಡಿದೆ. ಮಂಚದ ಕಾಲ ಭಾಗವನ್ನು ಎತ್ತರಿಸಿದೆ. ಎರಡೂ ಕೈಗೆ ದೊಡ್ಡ ಸೂಜಿ ಹಾಕಿ ಡ್ರಿಪ್ಪನ್ನು ಪೂರ್ತಿ ಬಿಟ್ಟೆ. ಹುಡುಗಿ ಟ್ರಾಲಿಯನ್ನು ಅಲ್ಲೇ ಬಿಟ್ಟು ರಕ್ತದ ಸ್ಯಾಂಪಲ್ ಹಿಡಿದು ಓಡಿದಳು. ಸರ್ಜನ್ ಹತ್ತು ನಿಮಿಷದಲ್ಲಿ ಬಂದರು. ಹೊಟ್ಟೆ ಮುಟ್ಟಿ ನೋಡಿದವರೇ ಸ್ಟ್ರೆಚರಿನ ಒಂದು ತುದಿಯನ್ನು ತಾವೇ ಹಿಡಿದರು. ಬಾಗಿಲು ದಾಟುವಾಗ ಆ ತಾಯಿ ಕಣ್ಣು ಬಿಟ್ಟು ಮಗಳನ್ನು ಹುಡುಕಿದರು. ಏನೋ ಅಂದರು. ಗಾಲಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಒಳಗೆ ರಕ್ತನಾಳಕ್ಕೆ ಹಾಕಿದ್ದ ಕ್ಲಿಪ್ ಜಾರಿತ್ತು. ಮತ್ತೆ ಬಿಗಿದರು, ರಕ್ತದ ಮೇಲೆ ರಕ್ತ ಕೊಟ್ಟರು. ಟೇಬಲ್ಲಿನ ಮೇಲೆಯೇ ಎರಡು ಸಲ ಎದೆಬಡಿತ ನಿಂತು ಮರಳಿತಂತೆ. ಮರುದಿನ ಬೆಳಿಗ್ಗೆ ನನಗೆ ಡ್ಯೂಟಿ ಇರದಿದ್ದರೂ ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಬಂದು ಐಸಿಯು ಹೊರಗೆ ನಿಂತಿದ್ದೆ. ಹತ್ತು ಗಂಟೆಗೆ ಅವರು ತೀರಿಕೊಂಡರು. ಮನೆಯವರಿಗೆ ಸರ್ಜನ್ ಹೇಳಿದ್ದು ಇಷ್ಟು: “ಒಳಗೆ ರಕ್ತಸ್ರಾವ ಆಯ್ತು. ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ.” ಮಗಳು ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿದಳು. ನಾನು ಹತ್ತಿರ ಹೋಗಲಿಲ್ಲ.

ಮಧ್ಯಾಹ್ನ ವಾರ್ಡಿಗೆ ಬಂದಾಗ ಕೇಸ್ ಶೀಟ್ ನನ್ನ ಮೇಜಿನ ಮೇಲಿತ್ತು. ಚಾರ್ಟಿನಲ್ಲಿ ಮೂರೂವರೆ, ನಾಲ್ಕು, ನಾಲ್ಕೂವರೆ, ಐದು ಎಂಬ ನಾಲ್ಕು ಮನೆಗಳು ಖಾಲಿಯಾಗಿದ್ದವು. ಸೂಪರಿಂಟೆಂಡೆಂಟ್ ಮೇಡಂ ಬಂದು ಎದುರಿಗೆ ಕೂತರು. ಇಪ್ಪತ್ತು ವರ್ಷ ವಾರ್ಡಿನಲ್ಲಿ ನಿಂತು ದುಡಿದು ಮೇಲೆ ಬಂದವರು. ನನಗೆ ಸೂಜಿ ಹಿಡಿಯಲು ಕಲಿಸಿದ್ದೂ ಅವರೇ.

“ಶೀಟು ರೆಕಾರ್ಡ್ ರೂಮಿಗೆ ಹೋಗ್ಬೇಕು. ಪೂರ್ತಿ ಮಾಡು” ಎಂದರು.

“ನೋಡಿಲ್ಲ ಮೇಡಂ. ಏನು ಬರೀಲಿ?”

“ಏನು ಬರೀಬೇಕು ಅಂತ ನಿಂಗೆ ನಾನು ಹೇಳ್ಕೊಡ್ಬೇಕಾ?” ದನಿ ಗಡುಸಾಗಿತ್ತು, ಆದರೆ ಅವರು ನನ್ನ ಮುಖ ನೋಡುತ್ತಿರಲಿಲ್ಲ. “ಖಾಲಿ ಬಿಟ್ರೆ ನಾಳೆ ಕೇಸಾದಾಗ ಮೊದಲು ಹೋಗೋದು ನಿನ್ನ ರಿಜಿಸ್ಟ್ರೇಷನ್. ಆಸ್ಪತ್ರೆ ಅಲ್ಲ. ತಿಳ್ಕೋ.”

ಅವರು ಹೋದ ಮೇಲೆ ಟ್ರಾಲಿಯ ಹುಡುಗಿ ಹತ್ತಿರ ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು. “ಅಕ್ಕಾ, ಕೊಡಿ, ನಾನೇ ಬರೀತೀನಿ. ನೂರಾ ಆರು, ನೂರಾ ಹತ್ತು ಅಂತ ಮೆಲ್ಲಗೆ ಏರಿಸ್ಕೊಂಡು ಹೋದ್ರೆ ಆಯ್ತು. ದಿನಾ ಮಾಡಲ್ವಾ?”

ದಿನಾ ಮಾಡಲ್ವಾ. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎಲ್ಲ ರೋಗಿಗಳ ಉಸಿರಾಟವನ್ನೂ ನಿಮಿಷಕ್ಕೆ ಇಪ್ಪತ್ತು ಎಂದೇ ಬರೆಯುತ್ತಿದ್ದೆವು, ಎಣಿಸದೆ. ಸಂಜೆ ಆರಕ್ಕೆ ನೋಡಬೇಕಾದ ಜ್ವರವನ್ನು ಪಾಳಿ ಮುಗಿಯುವಾಗ ಅಂದಾಜಿನಲ್ಲಿ ತುಂಬುತ್ತಿದ್ದೆವು. ಮುಖ ನೋಡಿದರೆ ಗೊತ್ತಾಗುತ್ತದಲ್ಲ ಎನ್ನುತ್ತಿದ್ದೆವು. ಬಹುಪಾಲು ಗೊತ್ತಾಗುತ್ತಲೂ ಇತ್ತು. ಅವಳಿಗೆ ಅದನ್ನು ಕಲಿಸಿದ್ದೂ ನಾನೇ, ಕೆಲಸಕ್ಕೆ ಸೇರಿದ ಎರಡನೇ ವಾರದಲ್ಲಿ.

ಆ ಶೀಟನ್ನು ಎದುರಿಗಿಟ್ಟುಕೊಂಡು ಕೂತಾಗ ಇನ್ನೊಂದು ವಿಷಯ ತಲೆಗೆ ಬಂತು. ನಾಲ್ಕು ತಿಂಗಳಿಂದ ನಾನು ಜನ ಸಾಲದು ಎಂದು ಮೂರು ಸಲ ಅರ್ಜಿ ಬರೆದಿದ್ದೆ. ಮೂರು ಸಲವೂ ಉತ್ತರ ಒಂದೇ: ಪರಿಶೀಲಿಸಲಾಗುವುದು. ಅವರು ಪರಿಶೀಲಿಸಿಯೂ ಇದ್ದಿರಬಹುದು. ಪರಿಶೀಲಿಸಲು ತೆಗೆದ ಶೀಟುಗಳಲ್ಲಿ ಏನಿತ್ತು? ಒಂದು ಮನೆಯೂ ಖಾಲಿ ಇಲ್ಲದ, ಎಲ್ಲವೂ ಹೊತ್ತಿಗೆ ಸರಿಯಾಗಿ ನೋಡಿದ ಲೆಕ್ಕದ ಚಾರ್ಟುಗಳು. ಮೂವರು ಐವರ ಕೆಲಸವನ್ನು ಚೊಕ್ಕವಾಗಿ ಮಾಡುತ್ತಿದ್ದಾರೆ ಎಂಬುದಕ್ಕೆ ನಾವೇ ದಿನವೂ ಸಹಿ ಹಾಕಿ ಕೊಟ್ಟ ಸಾಕ್ಷಿ.

ಪೆನ್ನು ತೆಗೆದುಕೊಂಡೆ. ನಾಲ್ಕು ಮನೆಗಳನ್ನು ಹಾಗೇ ಬಿಟ್ಟು ಕೆಳಗೆ ಬರೆದೆ: “ಮೂರೂವರೆಯಿಂದ ಐದರವರೆಗೆ ನಾಡಿ, ಬಿಪಿ ನೋಡಿಲ್ಲ. ಈ ಅವಧಿಯಲ್ಲಿ ವಾರ್ಡಿನಲ್ಲಿದ್ದ ನರ್ಸುಗಳು ಇಬ್ಬರು, ರೋಗಿಗಳು ಮೂವತ್ತೆರಡು.” ಉಬ್ಬಸದವರನ್ನು ಸೇರಿಸಿ ಮೂವತ್ತೆರಡು. ಹೆಸರು ಬರೆದು ಸಹಿ ಹಾಕಿ, ಮನಸ್ಸು ಬದಲಾಗುವ ಮುಂಚೆ ನಾನೇ ಹೋಗಿ ರೆಕಾರ್ಡ್ ರೂಮಿಗೆ ಕೊಟ್ಟು ಬಂದೆ. ಧೈರ್ಯ ಬಂದ ಹಾಗೇನೂ ಅನ್ನಿಸಲಿಲ್ಲ.

ವಾರದ ನಂತರ ಆ ಸಾವಿನ ಬಗ್ಗೆ ಮೀಟಿಂಗ್ ಕರೆದರು. ಉದ್ದ ಮೇಜಿನ ಆ ಬದಿಗೆ ಆಡಳಿತಾಧಿಕಾರಿ, ಸರ್ಜನ್, ಮೇಡಂ. ಈ ಬದಿಗೆ ನಾವಿಬ್ಬರು. ಮೂರರಿಂದ ಐದೂ ಹತ್ತರವರೆಗೆ ಏನೇನು ಮಾಡಿದೆ ಎಂದು ನಿಮಿಷ ನಿಮಿಷಕ್ಕೂ ಹೇಳಲು ಹೇಳಿದರು. ಹೇಳಿದೆ. ಹೇಳುತ್ತಾ ಹೋದಂತೆ ನನಗೇ ವಿಚಿತ್ರವೆನಿಸಿತು. ಮಾಡಿದ ಕೆಲಸಗಳಲ್ಲಿ ಒಂದೂ ಬೇಡದ್ದಾಗಿರಲಿಲ್ಲ.

“ಮೂರು ಗಂಟೆಗೇ ನಾಡಿ ನೂರು ದಾಟಿದೆ. ಆಗಲೇ ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ?” ಆಡಳಿತಾಧಿಕಾರಿ ಕೇಳಿದರು.

“ನೋವಿಗೆ ಅಂದ್ಕೊಂಡೆ ಸರ್. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ ಹೇಳೋಣ ಅಂತಿದ್ದೆ. ನೋಡಕ್ಕೆ ಆಗ್ಲಿಲ್ಲ.”

“ನೋಡಿಲ್ಲ ಅಂತ ಶೀಟಲ್ಲೇ ಬರೆದಿದ್ದೀರಲ್ಲ, ಇದು ಕೋರ್ಟಿಗೆ ಹೋದ್ರೆ ಏನಾಗುತ್ತೆ ಗೊತ್ತಾ?”

ಸರ್ಜನ್ ತಲೆ ತಗ್ಗಿಸಿಕೊಂಡೇ ಹೇಳಿದರು: “ಕ್ಲಿಪ್ ಹಾಕಿದ್ದು ನಾನು. ಅದು ಜಾರಿದ್ದು ಅವರ ತಪ್ಪಲ್ಲ. ಆದ್ರೆ ನಾಲ್ಕು ಗಂಟೆಗೆ ನಂಗೆ ಗೊತ್ತಾಗಿದ್ರೆ ಬದುಕಿಸೋಕೆ ಸಾಧ್ಯ ಇತ್ತು. ಅದೂ ನಿಜ.”

ಅದೂ ನಿಜ. ಅಂದಿನಿಂದ ಆ ಮಾತು ನನ್ನ ಜೊತೆಗೇ ಇದೆ.

ನನಗೆ ಮೆಮೊ ಕೊಟ್ಟರು. ಮೃತರ ಮನೆಯವರ ಜೊತೆ ಈ ವಿಷಯ ಮಾತಾಡಬಾರದೆಂದು ಬಾಯಿಮಾತಿನಲ್ಲಿ ಹೇಳಿದರು. ಹುಡುಗಿಗೆ ಏನೂ ಕೊಡಲಿಲ್ಲ. ಹೊಸಬಳು, ಎಚ್ಚರಿಕೆ ಸಾಕು ಎಂದರು. ಆದರೆ ಅವಳು ಹತ್ತು ದಿನಕ್ಕೆ ರಾಜೀನಾಮೆ ಬರೆದಳು. ಬಸ್ ಸ್ಟ್ಯಾಂಡಿನವರೆಗೆ ನಾನೇ ಅವಳ ಬ್ಯಾಗು ಹಿಡಿದುಕೊಂಡು ಹೋದೆ.

“ಬೇರೆ ಆಸ್ಪತ್ರೆಗೆ ಸೇರ್ಕೋ. ಒಳ್ಳೇ ಕೈ ನಿಂದು” ಎಂದೆ.

“ಇಲ್ಲ ಅಕ್ಕ. ಟ್ರಾಲಿ ತಳ್ಕೊಂಡು ಅವರ ಮಂಚದ ಮುಂದೇನೇ ಎರಡು ಸಲ ಹೋಗಿದ್ದೆ. ಮಾತ್ರೆ ಇಲ್ಲ ಅಂತ ನಿಲ್ಲಲೇ ಇಲ್ಲ. ನಂಗೆ ಆಗಲ್ಲ ಈ ಕೆಲಸ.” ಈಗ ಅವಳು ತನ್ನ ಊರಿನಲ್ಲಿ ಬಟ್ಟೆಯಂಗಡಿಯಲ್ಲಿದ್ದಾಳೆ. ಫೋನ್ ಮಾಡಿದರೆ ಎತ್ತುವುದಿಲ್ಲ.

ಅವಳು ಹೋದ ಮರುದಿನದಿಂದ ನಾನು ಒಂದು ಕೆಲಸ ಶುರುಮಾಡಿದೆ. ನೋಡದ್ದನ್ನು ತುಂಬುವುದನ್ನು ನಿಲ್ಲಿಸಿದೆ. ಯಾವ ರೋಗಿಯ ಬಿಪಿ ನೋಡಲಾಗಲಿಲ್ಲವೋ ಆ ಮನೆ ಖಾಲಿ. ಮಗ್ಗುಲು ಬದಲಿಸಬೇಕಾದವರನ್ನು ಬದಲಿಸದಿದ್ದರೆ ಆ ಮನೆಯೂ ಖಾಲಿ. ಕೊಟ್ಟ ಔಷಧಿಗೆ ಕೊಟ್ಟ ಹೊತ್ತನ್ನೇ ಬರೆಯುವುದು, ಎರಡು ಗಂಟೆ ತಡವಾಗಿದ್ದರೂ. ಪಾಳಿ ಮುಗಿದಾಗ ಖಾಲಿ ಉಳಿದದ್ದು ಎಷ್ಟು, ನರ್ಸುಗಳು ಎಷ್ಟು, ರೋಗಿಗಳು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಮೇಡಂ ಟೇಬಲ್ ಮೇಲೆ ಇಟ್ಟು ಬರುತ್ತಿದ್ದೆ. ಜೊತೆಯವರಿಗೂ ಹೇಳಿದೆ. ಇಬ್ಬರು ಒಪ್ಪಿದರು. ಉಳಿದವರು, “ನಿಂಗೆ ಹೇಗೂ ಮೆಮೊ ಬಂದಾಯ್ತು, ನಮ್ಮ ಹೊಟ್ಟೆ ಮೇಲ್ಯಾಕೆ ಹೊಡೀತೀಯ” ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಂದು ತಿಂಗಳ ಹಿಂದೆ ನಾನೂ ಹಾಗೇ ಹೇಳುತ್ತಿದ್ದೆ.

ಮೂರನೇ ದಿನ ಮೇಡಂ ಕರೆದು ಬೈದರು. “ನಿನ್ನ ವಾರ್ಡಿನ ಮಾನ ನೀನೇ ಕಳೀತಿದ್ದೀಯ. ಈ ಶೀಟು ನೋಡಿದವರು ನಿಮ್ಮನ್ನ ಸೋಮಾರಿಗಳು ಅಂತಾರೆ.”

“ಅನ್ನಲಿ ಮೇಡಂ. ನೀವು ವಾರ್ಡಲ್ಲಿ ಇದ್ದೋರು. ಒಂದಿನ ನೀವೇ ಬಂದು ಇದಿಷ್ಟೂ ತುಂಬಿ ತೋರ್ಸಿ. ಕೆಲಸ ಬಿಡ್ತೀನಿ.”

ಹಾಗೆ ಅಂದುಬಿಟ್ಟೆನಲ್ಲ ಎಂದು ಬಾಗಿಲು ದಾಟುವ ಹೊತ್ತಿಗೇ ಹೆದರಿಕೆಯಾಯಿತು. ಮರುದಿನ ಮಧ್ಯಾಹ್ನ ಎರಡಕ್ಕೆ ಅವರು ನಿಜವಾಗಿಯೂ ಬಂದರು. ಸೆರಗು ಸಿಕ್ಕಿಸಿ, ಬಿಪಿ ಉಪಕರಣ ಕೈಗೆ ತೆಗೆದುಕೊಂಡು ಮೊದಲನೇ ಮಂಚದಿಂದ ಶುರುಮಾಡಿದರು. ಅಂದು ನಾವು ಅವರನ್ನೂ ಸೇರಿಸಿ ಮೂವರು. ಹನ್ನೊಂದನೇ ಮಂಚಕ್ಕೆ ಬರುವ ಹೊತ್ತಿಗೆ ಅವರನ್ನು ಐದು ಜನ ಕರೆದಿದ್ದರು. ಸಂಜೆ ಪಾಳಿ ಮುಗಿದಾಗ ಅವರ ಕೈಲಿದ್ದ ಚಾರ್ಟುಗಳಲ್ಲೂ ಅರ್ಧಕ್ಕರ್ಧ ಖಾಲಿ. ಸ್ಟೂಲಿನ ಮೇಲೆ ಕೂತು ಮೊಣಕಾಲು ನೀವಿಕೊಂಡರು.

“ನಮ್ಮ ಕಾಲದಲ್ಲಿ ಇಷ್ಟಿರಲಿಲ್ಲ ಕಣೇ” ಎಂದರು. ಆಮೇಲೆ ಚಾರ್ಟುಗಳನ್ನು ನನ್ನ ಕೈಗೆ ಕೊಟ್ಟು, “ಇನ್ನೂ ಹತ್ತು ದಿನ ಹೀಗೇ ಬರಿ. ಹಾಳೆಗಳ್ನೆಲ್ಲ ಒಟ್ಟು ಮಾಡೋಣ” ಎಂದರು.

ಎರಡು ವಾರದ ಹಾಳೆಗಳನ್ನು ಅವರೇ ಆಡಳಿತದ ಮುಂದೆ ಇಟ್ಟರು. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಆಪರೇಷನ್ ಆದವರನ್ನು ನಾಲ್ಕು ಗಂಟೆ ರಿಕವರಿ ರೂಮಿನಲ್ಲೇ ಇಟ್ಟುಕೊಳ್ಳಬೇಕು ಎಂದಾಯಿತು. ನಾಲ್ವರಿಗಿಂತ ಕಡಿಮೆ ಇದ್ದರೆ ನಮ್ಮ ವಾರ್ಡಿನಿಂದ ಯಾರನ್ನೂ ಕರೆಯುವಂತಿಲ್ಲ ಎಂದಾಯಿತು. ಹೊಸಬರು ಸಿಗುವವರೆಗೆ ಎಂಟು ಮಂಚಗಳ ಹಾಸಿಗೆ ಸುತ್ತಿಟ್ಟರು. ಖುಷಿಪಡಬೇಕಾದ ವಿಷಯ. ನನಗೆ ಆಗಲಿಲ್ಲ. ಇಷ್ಟನ್ನು ಮಾಡಲು ಎರಡು ವಾರ ಸಾಕಾಗಿತ್ತು ಎಂದರೆ, ಅದಕ್ಕೆ ಮುಂಚಿನ ನಾಲ್ಕು ತಿಂಗಳು ಏನಾಗಿತ್ತು?

ಇಷ್ಟೆಲ್ಲ ಆಗುವಾಗಲೂ ನಾನು ದಿನಕ್ಕೆ ಎರಡು ಸಲ ಮಾಚೇನಹಳ್ಳಿಯ ಮೇಲೆಯೇ ಓಡಾಡುತ್ತಿದ್ದೆ. ಬಸ್ಸು ಅಲ್ಲಿ ನಿಲ್ಲುತ್ತದೆ. ರಸ್ತೆಯ ಪಕ್ಕದ ಶೀಟಿನ ಮನೆಯಲ್ಲಿದ್ದ ಅವರ ಮೆಸ್ಸು, ಹೊರಗೆ ಬೋರಲು ಹಾಕಿದ ದೊಡ್ಡ ಪಾತ್ರೆಗಳು ಕಿಟಕಿಯಿಂದ ಕಾಣುತ್ತಿದ್ದವು. ಮೊದಲ ತಿಂಗಳು ಬಾಗಿಲು ಹಾಕಿತ್ತು. ಆಮೇಲೆ ಒಂದು ದಿನ ಒಲೆಯ ಹೊಗೆ ಕಂಡಿತು. ಇಳಿಯಬೇಕು ಎಂದುಕೊಳ್ಳುವುದು, ಮಾತಾಡಬಾರದು ಅಂದಿದ್ದಾರಲ್ಲ ಎಂದು ನೆಪ ಹೇಳಿಕೊಳ್ಳುವುದು, ಹೀಗೆ ಎರಡು ತಿಂಗಳಾಯಿತು.

ಕೊನೆಗೆ ನನ್ನ ವಾರದ ರಜೆಯ ದಿನವೊಂದರಲ್ಲಿ ಮಧ್ಯಾಹ್ನ ಮೂರಕ್ಕೆ ಅಲ್ಲಿ ಇಳಿದೆ. ಊಟದ ಹೊತ್ತು ಮುಗಿದಿತ್ತು. ಮಗಳು ಒಬ್ಬಳೇ ಕೂತು ಅನ್ನದ ಹಂಡೆ ಉಜ್ಜುತ್ತಿದ್ದಳು. ನನ್ನನ್ನು ಸೀರೆಯಲ್ಲಿ ನೋಡಿ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು.

“ಸಿಸ್ಟರ್ ಅಲ್ವಾ? ಕೂತ್ಕೊಳಿ” ಎಂದು ಕೈ ಒರೆಸಿಕೊಂಡು ಬೆಂಚು ಎಳೆದಳು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. ನಿಂತೇ ಹೇಳಿದೆ. “ಅವತ್ತು ಮೂರೂವರೆಯಿಂದ ಐದರ ತನಕ ಅರ್ಧ ಗಂಟೆಗೊಂದ್ಸಲ ನಿಮ್ಮಮ್ಮನ ಬಿಪಿ ನೋಡ್ಬೇಕಿತ್ತಮ್ಮ. ನಾನು ನೋಡ್ಲಿಲ್ಲ. ನೋಡಿದ್ರೆ ಒಳಗೆ ರಕ್ತ ಹೋಗ್ತಿರೋದು ಗೊತ್ತಾಗ್ತಿತ್ತು.”

ಅವಳು ಹಂಡೆಯ ಕಡೆಗೇ ನೋಡುತ್ತಿದ್ದಳು. “ಬದುಕ್ತಿದ್ರಾ?”

“ಬದುಕಬಹುದಿತ್ತು. ಖಂಡಿತ ಅಂತ ಹೇಳಕ್ಕಾಗಲ್ಲ. ಆದ್ರೆ ಬದುಕಬಹುದಿತ್ತು.”

ಅವಳು ಹಂಡೆಯ ಅಂಚಿಗೆ ಅಂಟಿದ್ದ ಅನ್ನವನ್ನು ಉಗುರಿನಿಂದ ಕೆರೆದಳು. ಹೊರಗೆ ಯಾವುದೋ ವರ್ಕ್‌ಶಾಪಿನಲ್ಲಿ ಕಬ್ಬಿಣ ಕೊಯ್ಯುವ ಸದ್ದು ಬರುತ್ತಿತ್ತು.

“ನಾನು ಮೂರನೇ ಸಲಾನೂ ಬಂದಿದ್ದೆ, ನಿಮಗೆ ಗೊತ್ತಾ?” ಎಂದಳು.

ಗೊತ್ತಿರಲಿಲ್ಲ.

“ನೀವು ನೆಲದ ಮೇಲೆ ಕೂತಿದ್ರಿ. ಆ ಅಜ್ಜಿ ತಲೆ ನಿಮ್ಮ ತೊಡೆ ಮೇಲಿತ್ತು. ಬಟ್ಟೆಯೆಲ್ಲ ಒದ್ದೆ. ಪಾಪ, ಒಬ್ಬರೇ ಎಷ್ಟು ಅಂತ ಮಾಡ್ತಾರೆ ಅನ್ನಿಸ್ತು. ಕರೀದೇ ವಾಪಸ್ ಹೋದೆ.” ಅವಳ ದನಿ ಒಡೆಯಿತು. “ಅವತ್ತು ಜೋರಾಗಿ ಕೂಗಿದ್ದಿದ್ರೆ ಅಮ್ಮ ಇರ್ತಿದ್ರು ಅಂತ ದಿನಾ ಅನ್ಸುತ್ತೆ. ನಾನೇ ಕೊಂದೆ ಅನ್ಸುತ್ತೆ. ಅಪ್ಪಂಗೂ ಹೇಳಿಲ್ಲ ಇದನ್ನ.”

ಎರಡು ತಿಂಗಳು ನಾನು ಹೆದರಿದ್ದು ಅವಳ ಸಿಟ್ಟಿಗೆ. ಬೈಯಬಹುದು, ಹೊಡೆಯಬಹುದು, ಕೋರ್ಟಿಗೆ ಹೋಗಬಹುದು ಎಂದೆಲ್ಲ ಎಣಿಸಿದ್ದೆ. ನಾವು ಯಾರೂ ಬಾಯಿ ಬಿಡದೆ ಹೋದದ್ದರಿಂದ ಈ ಹುಡುಗಿ ನನ್ನ ತಪ್ಪನ್ನು ತನ್ನದೆಂದು ಹೊತ್ತುಕೊಂಡು ಕೂತಿರಬಹುದು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ.

“ಕರೆಯೋದು ನಿನ್ನ ಕೆಲಸ ಅಲ್ಲಮ್ಮ” ಎಂದೆ. “ಯಾರೂ ಕರೀದಿದ್ರೂ ನಾನು ಬರ್ಬೇಕಿತ್ತು. ಅರ್ಧ ಗಂಟೆಗೊಂದ್ಸಲ. ಅದಕ್ಕೇ ಅಲ್ವಾ ನಾವಿರೋದು? ನೀನು ಬಂದು ಹೇಳಿದ್ದೇ ಹೆಚ್ಚು. ನೀನೇನೂ ತಪ್ಪು ಮಾಡಿಲ್ಲ.”

ಅವಳು ಮಂಡಿಗೆ ಮುಖ ಕೊಟ್ಟು ಅತ್ತಳು. ಬೆನ್ನ ಮೇಲೆ ಕೈ ಇಡಬೇಕು ಅನ್ನಿಸಿತು. ಇಡಲಿಲ್ಲ. ಆ ಹಕ್ಕು ನನಗಿಲ್ಲ ಅನ್ನಿಸಿತು.

ಅತ್ತು ಮುಗಿದ ಮೇಲೆ ಕೇಳಿದಳು. “ಆಸ್ಪತ್ರೆಯವರು ಇದನ್ನ ಯಾಕೆ ಹೇಳ್ಲಿಲ್ಲ?”

“ಹೇಳ್ಬಾರ್ದು ಅಂದ್ರು. ನಾನೂ ಇಷ್ಟು ದಿನ ಹೇಳ್ಲಿಲ್ಲ. ಕೇಸ್ ಶೀಟಿನ ನಕಲು ಕೇಳಿದ್ರೆ ಅವರು ಕೊಡ್ಲೇಬೇಕು. ಅದರಲ್ಲಿ ಇದನ್ನೆಲ್ಲ ಬರೆದಿದ್ದೀನಿ. ನೀವು ಏನು ಮಾಡಿದ್ರೂ ನಾನು ಹೇಳಿದ ಮಾತು ಬದಲಾಯ್ಸಲ್ಲ.”

ಅವಳು ಆ ಕಡೆ ತಿರುಗಿ ಹಂಡೆಯನ್ನು ಹತ್ತಿರ ಎಳೆದುಕೊಂಡಳು. “ಅಪ್ಪಂಗೆ ನಾನೇ ಹೇಳ್ತೀನಿ. ಆಮೇಲೆ ನೋಡ್ತೀವಿ. ನೀವು ಬಂದು ಹೇಳಿದ್ದು ಒಳ್ಳೇದಾಯ್ತು.” ಹಂಡೆಗೆ ಒಂದು ಚೊಂಬು ನೀರು ಹೊಯ್ದಳು. “ಆದ್ರೆ ಇನ್ನು ಬರ್ಬೇಡಿ ಸಿಸ್ಟರ್. ಬಸ್ಸಲ್ಲಿ ನೀವು ಇತ್ತ ಕಡೆ ನೋಡ್ತಾ ಹೋಗೋದು ನಂಗೆ ಕಾಣುತ್ತೆ. ಕಂಡಾಗೆಲ್ಲ ಆ ವಾರ್ಡೇ ಕಣ್ಣ ಮುಂದೆ ಬರುತ್ತೆ.”

“ಆಯ್ತಮ್ಮ” ಎಂದು ಹೊರಗೆ ಬಂದೆ.

ಅಂದಿನಿಂದ ಬಸ್ಸಿನಲ್ಲಿ ನಾನು ಆ ಬದಿಯ ಕಿಟಕಿಯ ಪಕ್ಕ ಕೂರುವುದಿಲ್ಲ. ಸೀಟು ಅಲ್ಲೊಂದೇ ಖಾಲಿ ಇದ್ದರೆ ನಿಂತುಕೊಂಡೇ ಹೋಗುತ್ತೇನೆ. ಅವಳು ನನ್ನನ್ನು ಕೇಳಿದ್ದು ಅದೊಂದೇ.